ಮೊದಲ 15 ದಿನ, ಕೊನೆಯ 5 ಮಿಲಿಗ್ರಾಂ

ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಎರಗುವ ತೀವ್ರ ಗಾಬರಿಯ ಕಾಯಿಲೆ ಇರುವವರಿಗೆ ತಮ್ಮ ಮೈಯೇ ಹೆದರಿಕೆಯ ಮೂಲ. ಎದೆ ಡವಡವ ಎಂದರೆ ಹಾರ್ಟ್ ಅಟ್ಯಾಕ್, ತಲೆ ತಿರುಗಿದರೆ ಸ್ಟ್ರೋಕ್, ಉಸಿರು ಸಿಕ್ಕಿಕೊಂಡಂತಾದರೆ ಇನ್ನೇನು ಮುಗಿಯಿತು ಎಂದು ಮನಸ್ಸು ಕ್ಷಣದಲ್ಲಿ ತೀರ್ಮಾನಿಸಿಬಿಡುತ್ತದೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್ ಬಂದು ಕೊನೆಗೆ ಮನೋವೈದ್ಯರ ಬಾಗಿಲು ತಟ್ಟುವ ಹೊತ್ತಿಗೆ ಇಂಥವರು ತಿಂಗಳುಗಟ್ಟಲೆ ನಾಡಿ ಹಿಡಿದುಕೊಂಡೇ ದಿನ ದೂಡಿರುತ್ತಾರೆ. ಅವರಿಗೆ ಬರೆದುಕೊಡುವ, ಮೂಲತಃ ಖಿನ್ನತೆಗೆಂದು ಬಂದ ಮಾತ್ರೆ ಮೊದಲ ವಾರದಲ್ಲಿ ಏನು ಮಾಡುತ್ತದೆ? ಹೊಟ್ಟೆ ತೊಳಸುತ್ತದೆ, ಕೈ ನಡುಗಿಸುತ್ತದೆ, ನಿದ್ದೆ ಕೆಡಿಸುತ್ತದೆ, ಕೆಲವರಿಗೆ ಎದೆಬಡಿತವನ್ನೂ ಎಬ್ಬಿಸುತ್ತದೆ. ಯಾವ ಲಕ್ಷಣಕ್ಕೆ ಹೆದರಿ ಬಂದರೋ ಅದನ್ನೇ ಮಾತ್ರೆ ಕೊಡುತ್ತಿದೆ ಎಂದು ಅನಿಸಿದರೆ ಮೂರನೇ ದಿನ ಸ್ಟ್ರಿಪ್ ಕಸದ ಬುಟ್ಟಿ ಸೇರುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳದೆ ಚೀಟಿ ಬರೆದರೆ ಅದು ಅರ್ಧ ಚಿಕಿತ್ಸೆ.

"ನನಗೆ ಡಿಪ್ರೆಶನ್ ಇಲ್ಲವಲ್ಲ, ಯಾಕೆ ಈ ಮಾತ್ರೆ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯಲ್ಲಿದೆ. ಅಲ್ಲಿನ ಮನೋವೈದ್ಯ ಡೊನಾಲ್ಡ್ ಕ್ಲೈನ್, ಆಗ ಹೊಸದಾಗಿದ್ದ ಇಮಿಪ್ರಮಿನ್ ಎಂಬ ಔಷಧವನ್ನು ಬೇರೆ ಯಾವುದಕ್ಕೂ ಬಗ್ಗದ ತೀವ್ರ ಗಾಬರಿಯ ರೋಗಿಗಳಿಗೆ ಕೊಟ್ಟು ನೋಡಿದರು. ಏನೂ ಗುಣ ಕಾಣುತ್ತಿಲ್ಲ ಎಂದೇ ರೋಗಿಗಳು ಹೇಳುತ್ತಿದ್ದರು. ಆದರೆ ಸಾಯುತ್ತಿದ್ದೇನೆ ಎಂದು ದಿನವೂ ನರ್ಸ್‌ಗಳ ಬಳಿ ಓಡಿಬರುತ್ತಿದ್ದವರು ಈಗ ಬರುತ್ತಿಲ್ಲ ಎಂಬುದನ್ನು ವಾರ್ಡಿನ ಸಿಬ್ಬಂದಿ ಗಮನಿಸಿದ್ದರು. ಈ ಅನುಭವ 1962ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಖಿನ್ನತೆಗೆಂದು ಬಂದ ಔಷಧ ಪ್ಯಾನಿಕ್ಕನ್ನೂ ತಡೆಯುತ್ತದೆ ಎಂಬುದು ಆಗಲೇ ತಿಳಿಯಿತು. ಖಿನ್ನತೆಗೆ ಕೊಡುವ ಡೋಸಿನಿಂದಲೇ ಶುರು ಮಾಡಿದರೆ ಪ್ಯಾನಿಕ್ ರೋಗಿಗಳು ಚಡಪಡಿಸಿ ಔಷಧ ಬಿಟ್ಟುಬಿಡುತ್ತಾರೆ ಎಂಬುದೂ ಇಮಿಪ್ರಮಿನ್ ಕಾಲದಲ್ಲೇ ತಿಳಿದ ಸಂಗತಿ. ಹಾಗಾಗಿ ಅದನ್ನು 10 ಮಿಲಿಗ್ರಾಂನಿಂದ ಆರಂಭಿಸುವ ರೂಢಿ ಬಂತು.

ಇಂದಿನ ಮಾತ್ರೆಗಳಿಗೂ ಇದೇ ನಿಯಮ. ಎಸ್ಸಿಟಲೋಪ್ರಾಂ ಆದರೆ ಮೊದಲ ವಾರ 5, ಆಮೇಲೆ 10 ಮಿಲಿಗ್ರಾಂ. ಸರ್ಟ್ರಲಿನ್ 25ರಿಂದ ಶುರುವಾಗಿ ವಾರದ ನಂತರ 50. ಪ್ಯಾರಾಕ್ಸೆಟಿನ್ 10, ವೆನ್ಲಾಫ್ಯಾಕ್ಸಿನ್ 37.5. ಫ್ಲೂಯಾಕ್ಸೆಟಿನ್ ಸಾಮಾನ್ಯವಾಗಿ 20ರ ಕ್ಯಾಪ್ಸೂಲಾಗಿ ಸಿಗುತ್ತದೆ, ಆದರೆ ಪ್ಯಾನಿಕ್‌ಗೆ 10ರಿಂದ ಹೊರಡಬೇಕು. ಚೀಟಿಯಲ್ಲಿ ಮೊದಲ ದಿನವೇ ಎಸ್ಸಿಟಲೋಪ್ರಾಂ 10 ಅಥವಾ 20 ಎಂದಿದ್ದರೆ, "ಸ್ವಲ್ಪ ಕಡಿಮೆಯಿಂದ ಶುರು ಮಾಡಬಹುದಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ತಪ್ಪಿಲ್ಲ. ತೀರಾ ಸೂಕ್ಷ್ಮ ಮೈಯವರಿಗೆ 5ರ ಮಾತ್ರೆಯನ್ನೇ ಅರ್ಧ ಮಾಡಿ 2.5ರಿಂದ ಶುರು ಮಾಡಿಸುವ ವೈದ್ಯರೂ ಇದ್ದಾರೆ. ಪೂರ್ಣ ಡೋಸ್ ಮುಟ್ಟುವುದು ಹತ್ತು ದಿನ ತಡವಾದರೆ ನಷ್ಟವೇನೂ ಇಲ್ಲ. ಮೂರನೇ ದಿನಕ್ಕೆ ಮಾತ್ರೆ ಬಿಟ್ಟರೆ ನಷ್ಟವಿದೆ.

ಮೊದಲ ಹದಿನೈದು ದಿನಗಳಲ್ಲಿ ಹೆಚ್ಚು ಕಾಡುವುದು ಹೊಟ್ಟೆ. ಈ ಮಾತ್ರೆಗಳು ಕೆಲಸ ಮಾಡುವುದು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ. ಮೈಯಲ್ಲಿರುವ ಸೆರೊಟೋನಿನ್‌ನ ಸುಮಾರು ಶೇ. 90 ಭಾಗ ಇರುವುದು ಕರುಳಿನಲ್ಲಿ. ಮಿದುಳಿನ ಸೆರೊಟೋನಿನ್ ಹೆಚ್ಚಿಸಲೆಂದು ನುಂಗಿದ ಮಾತ್ರೆ ಕರುಳನ್ನೂ ಕೆಣಕುತ್ತದೆ, ಆದ್ದರಿಂದ ವಾಕರಿಕೆ, ಭೇದಿ, ಹಸಿವಿಲ್ಲದಿರುವುದು. ಭೇದಿಯಲ್ಲಿ ಸರ್ಟ್ರಲಿನ್‌ಗೆ ಮೊದಲ ಸ್ಥಾನ. ಖಾಲಿ ಹೊಟ್ಟೆಯಲ್ಲಿ ಬೇಡ, ತಿಂಡಿಯೋ ಊಟವೋ ಆದ ಮೇಲೆ ತೆಗೆದುಕೊಂಡರೆ ತೊಳಸು ಎಷ್ಟೋ ಇಳಿಯುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವಾರಕ್ಕೆ ತಾನಾಗಿಯೇ ನಿಲ್ಲುತ್ತದೆ. ನಮ್ಮಲ್ಲಿ ಇದನ್ನು "ಗ್ಯಾಸ್" ಎಂದುಕೊಂಡು ಮೆಡಿಕಲ್ ಶಾಪಿನಿಂದ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆತ ಮಾತ್ರೆಯನ್ನೋ, ವಾಂತಿಗೆ ಒಂಡಾನ್ಸೆಟ್ರಾನ್ ಅನ್ನೋ ತಂದು ನುಂಗುವುದು ಅಭ್ಯಾಸ. ಡೊಂಪೆರಿಡೋನ್, ಒಂಡಾನ್ಸೆಟ್ರಾನ್, ಎಸ್ಸಿಟಲೋಪ್ರಾಂ ಮೂರಕ್ಕೂ ಇಸಿಜಿಯ ಕ್ಯೂಟಿ ಅವಧಿಯನ್ನು ಹಿಗ್ಗಿಸುವ ಗುಣವಿದೆ. ಅಂದರೆ ಹೃದಯದ ವಿದ್ಯುತ್ ಲಯ ತಪ್ಪುವ ಸಂಭವ ತುಸು ಹೆಚ್ಚುತ್ತದೆ. ಗಟ್ಟಿಮುಟ್ಟಾದ ಯುವಕರಿಗೆ ಒಂದು ಮಾತ್ರೆಯಿಂದ ಅಪಾಯ ಬಹಳ ಕಡಿಮೆ. ಹೃದ್ರೋಗವಿರುವವರು, ವಯಸ್ಸಾದವರು, ವಾಂತಿಭೇದಿಯಿಂದ ಪೊಟ್ಯಾಶಿಯಂ ಇಳಿದಿರುವವರು ಮಾತ್ರ ಕೇಳದೆ ಹೀಗೆ ಸೇರಿಸಿಕೊಳ್ಳಬಾರದು.

ಇನ್ನೊಂದು ಚಡಪಡಿಕೆ. ಇದು ಸಾಮಾನ್ಯವಾಗಿ ಮೊದಲ ವಾರದಲ್ಲಿ ಎದ್ದು ಎರಡನೆಯ ವಾರದ ಕೊನೆಗೆ ತಗ್ಗುತ್ತದೆ. ಸೆರೊಟೋನಿನ್ ಏಕಾಏಕಿ ಏರಿದರೂ ಅದನ್ನು ಗ್ರಹಿಸುವ ನರಕೋಶಗಳು ಹೊಂದಿಕೊಳ್ಳಲು ವಾರಗಳು ಬೇಕು. ಆ ನಡುವಿನ ಅಂತರದಲ್ಲಿ ಗಾಬರಿ ಇಳಿಯುವ ಬದಲು ಏರುವುದುಂಟು. ಇದನ್ನು ಸಹಿಸಬಹುದಾದ ಚಡಪಡಿಕೆ, ಸಹಿಸಬಾರದ ಚಡಪಡಿಕೆ ಎಂದು ಬೇರೆ ಮಾಡಲೇಬೇಕು. ಕೈ ತುಸು ನಡುಗುವುದು, ಬೇಗ ಎಚ್ಚರವಾಗುವುದು, ಕಾಫಿ ಹೆಚ್ಚಾದಂತೆ ಅನಿಸುವುದು ಮೊದಲನೆಯ ಬಗೆ. ಎರಡು ನಿಮಿಷ ಕೂರಲಾಗದೆ ಶತಪಥ ತಿರುಗುವುದು, ಕಾಲೊಳಗೆ ಏನೋ ಹರಿದಂತೆ ಎಳೆದಂತೆ ಆಗುವುದು, ಈ ಮೈಯಿಂದ ಹೊರಗೆ ಜಿಗಿಯಬೇಕು ಎನಿಸುವುದು ಎರಡನೆಯ ಬಗೆ. ವೈದ್ಯರು ಇದನ್ನು ಅಕಥೀಸಿಯಾ ಎನ್ನುತ್ತಾರೆ. ಇದನ್ನು ಕಾಯಿಲೆಯೇ ಜಾಸ್ತಿಯಾಗಿದೆ ಎಂದು ತಿಳಿದು ಡೋಸ್ ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಇಳಿಸಬೇಕು, ಇಲ್ಲವೇ ಔಷಧ ಬದಲಿಸಬೇಕು. ಅದೇ ದಿನ ವೈದ್ಯರಿಗೆ ಫೋನ್ ಮಾಡುವಷ್ಟು ತುರ್ತಿನ ವಿಷಯವಿದು.

25 ವರ್ಷದೊಳಗಿನವರ ವಿಷಯದಲ್ಲಿ ಮನೆಯವರು ಈ ವಾರಗಳಲ್ಲಿ ಕಣ್ಣಿಟ್ಟಿರಬೇಕು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಹಾಕಿಸಿತು, 2007ರಲ್ಲಿ ಅದನ್ನು 24ರ ವಯಸ್ಸಿನವರೆಗೂ ವಿಸ್ತರಿಸಿತು. ಹೆಚ್ಚಳ ಕಂಡದ್ದು ಯೋಚನೆ ಮತ್ತು ವರ್ತನೆಯಲ್ಲಿ, ಮಕ್ಕಳು ಮತ್ತು ಹದಿಹರೆಯದವರ ಪ್ರಯೋಗಗಳಲ್ಲಿ ಆತ್ಮಹತ್ಯೆಯಿಂದ ಸಾವು ಸಂಭವಿಸಿರಲಿಲ್ಲ. ಆದರೂ ಹಗುರವಾಗಿ ನೋಡುವಂತಿಲ್ಲ. ಹಾಗೆಯೇ ಮಾತ್ರೆ ಶುರುವಾದ ಮೇಲೆ ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ಸಿಕ್ಕಾಪಟ್ಟೆ ಖರ್ಚು, ಎಂದೂ ಇಲ್ಲದ ಹುರುಪು ಕಂಡರೆ ಅದು ಗುಣವಾದ ಲಕ್ಷಣವಲ್ಲ, ಬೈಪೋಲಾರ್ (ಅತಿ ಹುರುಪು, ಖಿನ್ನತೆ ಸರದಿಯಲ್ಲಿ ಬರುವ) ಕಾಯಿಲೆ ಹೊರಬಿದ್ದಿರಬಹುದು. ಮನೆತನದಲ್ಲಿ ಆ ಕಾಯಿಲೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ರಾತ್ರಿ ಹೊತ್ತು ವೈದ್ಯರು ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ.

ಉಳಿದವು ಸಣ್ಣಪುಟ್ಟ ಕಾಟಗಳು. ತಲೆನೋವು, ಬಾಯಿ ಒಣಗುವುದು, ಕಾರಣವಿಲ್ಲದೆ ಆಕಳಿಕೆ, ರಾತ್ರಿ ಬೆವರು, ಹಲ್ಲು ಕಡಿಯುವುದು, ಸಿನಿಮಾದಷ್ಟು ಸ್ಪಷ್ಟವಾದ ಕನಸುಗಳು. ನಿದ್ದೆ ಕೆಡುತ್ತಿದ್ದರೆ ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ, ತೂಕಡಿಕೆ ಬರುತ್ತಿದ್ದರೆ ರಾತ್ರಿ ಊಟದ ನಂತರಕ್ಕೆ ಬದಲಿಸಿಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಫಿಲ್ಟರ್ ಕಾಫಿ ಬಿಡಲಾಗದ ನಾಡಿನಲ್ಲಿ ಇದನ್ನೂ ಹೇಳಬೇಕು. ಕೆಫೀನ್ ತಾನೇ ಪ್ಯಾನಿಕ್ಕನ್ನು ಎಬ್ಬಿಸಬಲ್ಲದು. ಫ್ಲುವಾಕ್ಸಮಿನ್ ಎಂಬ ಔಷಧ ಕೊಟ್ಟಿದ್ದರೆ ಅದು ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನೇ ತಡೆಯುತ್ತದೆ. ಬೆಳಗ್ಗೆ ಕುಡಿದ ಕಾಫಿ ರಾತ್ರಿಯಾದರೂ ರಕ್ತದಲ್ಲಿ ಉಳಿದಿರುತ್ತದೆ. ಮೊದಲ ತಿಂಗಳು ದಿನಕ್ಕೆ ಒಂದೇ ಲೋಟ, ಅದೂ ಬೆಳಗ್ಗೆ, ಎಂದು ಇಟ್ಟುಕೊಂಡರೆ ಯಾವುದು ಮಾತ್ರೆಯ ನಡುಕ, ಯಾವುದು ಕಾಫಿಯ ನಡುಕ ಎಂಬ ಗೊಂದಲವಾದರೂ ತಪ್ಪುತ್ತದೆ.

ಈಗ ಕ್ಲೊನಾಜೆಪಾಂ, ಅಂದರೆ ಗಾಬರಿಯನ್ನು ಬೇಗ ತಗ್ಗಿಸುವ ಶಾಮಕ ಮಾತ್ರೆ. ಭಾರತದಲ್ಲಿ ಎಸ್ಸಿಟಲೋಪ್ರಾಂ 10 ಮತ್ತು ಕ್ಲೊನಾಜೆಪಾಂ 0.5 ಒಂದೇ ಮಾತ್ರೆಯಲ್ಲಿ ಬೆರೆತು ಹೇರಳವಾಗಿ ಮಾರಾಟವಾಗುತ್ತದೆ. ಮೊದಲ ಎರಡು ವಾರದ ಚಡಪಡಿಕೆಗೆ ಕ್ಲೊನಾಜೆಪಾಂ ಒಳ್ಳೆಯ ಆಸರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದು ಎರಡು ಮೂರು ವಾರದ ಅತಿಥಿಯಾಗಿರಬೇಕು. ಬೆರಕೆ ಮಾತ್ರೆಯಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಇಳಿಸಲು ಬರುವುದಿಲ್ಲ. ಅರ್ಧ ಮಾಡಿದರೆ ಎರಡೂ ಅರ್ಧ. ಚೀಟಿ ಮುಗಿದ ಮೇಲೂ ಅದೇ ಸ್ಟ್ರಿಪ್ ತೋರಿಸಿ ಅಂಗಡಿಯಲ್ಲಿ ತರುತ್ತಾ ಹೋದವರು ವರ್ಷ ಕಳೆದ ಮೇಲೆ ಬಿಡಲು ನೋಡಿದರೆ ನಿದ್ದೆಯಿಲ್ಲ, ಮೈ ನಡುಕ, ಮೊದಲಿಗಿಂತ ಹೆಚ್ಚು ಗಾಬರಿ. ದೀರ್ಘಕಾಲ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. "ಈ ಮಾತ್ರೆ ಅಂಟಿಕೊಂಡುಬಿಡುತ್ತೆ" ಎಂಬ ಊರ ಮಾತು ಹುಟ್ಟಿದ್ದು ಬಹುಪಾಲು ಇದರಿಂದ, ಆದರೆ ಆ ಅಪವಾದ ಎಸ್ಸಿಟಲೋಪ್ರಾಂ ತಲೆಗೆ ಬರುತ್ತದೆ. ಜ್ಞಾಪಕ ಮಂಕಾಗುವುದು, ಬೈಕ್ ಓಡಿಸುವಾಗ ತೂಕಡಿಕೆ, ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವುದು ಕೂಡ ಹೆಚ್ಚಾಗಿ ಕ್ಲೊನಾಜೆಪಾಂನ ಕೆಲಸ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಹಾಗಾಗಿ ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಳ್ಳಿ, ಕ್ಲೊನಾಜೆಪಾಂಗೆ ಕೊನೆಯ ತಾರೀಖನ್ನು ಮೊದಲ ದಿನವೇ ಚೀಟಿಯಲ್ಲಿ ಹಾಕಿಸಿಕೊಳ್ಳಿ. ಈಗಾಗಲೇ ತಿಂಗಳುಗಳಿಂದ ಬೆರಕೆ ಮಾತ್ರೆಯಲ್ಲಿರುವವರು ಮಾತ್ರ ಇದನ್ನು ಓದಿ ಇಂದೇ ನಿಲ್ಲಿಸಬಾರದು. ಮೊದಲು ಬಿಡಿ ಮಾತ್ರೆಗಳಿಗೆ ಬದಲಾಗಿ, ನಂತರ ವೈದ್ಯರ ನಿಗಾದಲ್ಲಿ ಕ್ಲೊನಾಜೆಪಾಂ ಒಂದನ್ನೇ ನಿಧಾನ ಇಳಿಸಬೇಕು.

ತಾನಾಗಿ ಹೋಗದ, ಬಾಯಿಬಿಟ್ಟು ಹೇಳದಿದ್ದರೆ ವರ್ಷಗಟ್ಟಲೆ ಉಳಿಯುವ ಪರಿಣಾಮಗಳದು ಬೇರೆ ಕತೆ. ಇವುಗಳಲ್ಲಿ ಮೊದಲನೆಯದು ಲೈಂಗಿಕ ಸಮಸ್ಯೆ. ಆಸೆ ಕುಂದುವುದು, ಗಂಡಸರಲ್ಲಿ ಸ್ಖಲನ ತೀರಾ ತಡವಾಗುವುದು ಅಥವಾ ಆಗದಿರುವುದು, ಹೆಂಗಸರಲ್ಲಿ ತೃಪ್ತಿಯ ಹಂತ ಮುಟ್ಟಲಾಗದಿರುವುದು. ಇದು ಎಷ್ಟು ಖಚಿತ ಪರಿಣಾಮ ಎಂದರೆ, ಶೀಘ್ರಸ್ಖಲನಕ್ಕೆ ಮಾರುವ ಡಪಾಕ್ಸೆಟಿನ್ ಇದೇ ಕುಟುಂಬದ ಔಷಧ. ರೋಗಿಗಳು ತಾವಾಗಿ ಹೇಳುವವರೆಗೆ ಕಾದರೆ ಕೆಲವೇ ಮಂದಿ ಸಿಗುತ್ತಾರೆ, ನೇರವಾಗಿ ಪ್ರಶ್ನೆ ಕೇಳಿದ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎಂದದ್ದಿದೆ. ನಮ್ಮ ಹೊರರೋಗಿ ವಿಭಾಗದಲ್ಲಿ ಅತ್ತೆಯನ್ನೋ ಅಣ್ಣನನ್ನೋ ಜೊತೆಗೆ ಕೂರಿಸಿಕೊಂಡು ಬಂದ ಹೆಣ್ಣುಮಗಳು ಇದನ್ನು ಹೇಗೆ ಹೇಳಬೇಕು? ವೈದ್ಯರೇ ಜೊತೆಯವರನ್ನು ಎರಡು ನಿಮಿಷ ಹೊರಗೆ ಕಳಿಸಿ ಕೇಳಬೇಕು. ಕೇಳದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ, ಅಷ್ಟು ಸಾಕು.

ಪರಿಹಾರಗಳಿವೆ. ಡೋಸ್ ಹೆಚ್ಚಿದ್ದರೆ ಇಳಿಸಿ ನೋಡುವುದು, ಈ ತೊಂದರೆ ಕಡಿಮೆಯಿರುವ ಮಿರ್ಟಾಜಪಿನ್ ಅಥವಾ ವೊರ್ಟಿಯಾಕ್ಸೆಟಿನ್‌ಗೆ ಬದಲಾಯಿಸುವುದು, ಗಂಡಸರ ನಿಮಿರುವಿಕೆಯ ತೊಂದರೆಗೆ ಸಿಲ್ಡೆನಾಫಿಲ್. ಆದರೆ ಮಿರ್ಟಾಜಪಿನ್ ಹಸಿವು, ತೂಕ ಎರಡನ್ನೂ ಏರಿಸುತ್ತದೆ, ಪ್ಯಾನಿಕ್‌ನಲ್ಲಿ ಈ ಎರಡೂ ಔಷಧಗಳಿಗೆ ಇರುವ ಪುರಾವೆ ಸರ್ಟ್ರಲಿನ್‌ನಷ್ಟು ಗಟ್ಟಿಯಲ್ಲ. ಖಿನ್ನತೆಯಲ್ಲಿ ಇದಕ್ಕೆಂದೇ ಸೇರಿಸುವ ಬುಪ್ರೊಪಿಯಾನ್ ಕೆಲವು ಪ್ಯಾನಿಕ್ ರೋಗಿಗಳ ಗಾಬರಿಯನ್ನು ಹೆಚ್ಚಿಸುತ್ತದೆ. ಕೆಲವೇ ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ಈ ತೊಂದರೆ ಉಳಿಯಬಹುದೆಂದು ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಮಾಹಿತಿ ಪತ್ರಕ್ಕೆ ಸೇರಿಸಿದೆ. ಅಪರೂಪ ಎಂಬ ಕಾರಣಕ್ಕೆ ಮುಚ್ಚಿಡುವ ವಿಷಯವಲ್ಲ.

ಎರಡನೆಯದು ಭಾವನೆಗಳ ಮಂಕು. ಗಾಬರಿ ಹೋಗಿದೆ, ಅದರ ಜೊತೆಗೆ ಅಳುವೂ ನಗುವೂ ಹೋಗಿದೆ. ಮಗಳ ಮದುವೆಯಲ್ಲಿ ನಿಂತರೂ ಏನೂ ಅನಿಸುವುದಿಲ್ಲ. ಇದನ್ನು ಖಿನ್ನತೆ ಎಂದು ತಪ್ಪು ತಿಳಿದು ಡೋಸ್ ಏರಿಸಿದರೆ ಮಂಕು ಇನ್ನೂ ದಟ್ಟವಾಗುತ್ತದೆ. ಹೆಚ್ಚಿನ ಸಲ ಡೋಸ್ ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ತೂಕದ ವಿಷಯದಲ್ಲಿ ಈ ಗುಂಪಿನಲ್ಲಿ ಹೆಚ್ಚು ಏರಿಸುವುದು ಪ್ಯಾರಾಕ್ಸೆಟಿನ್. ಮಾತ್ರೆ ಶುರು ಮಾಡಿದ ದಿನವೇ ತೂಕ ಬರೆದಿಟ್ಟುಕೊಂಡರೆ ಆಮೇಲೆ ವಾದಕ್ಕೆ ಆಸ್ಪದವಿರುವುದಿಲ್ಲ.

ಅಪರೂಪವಾದರೂ ಆಸ್ಪತ್ರೆಗೆ ಕರೆದೊಯ್ಯುವಂಥವು ಮೂರು ನಾಲ್ಕಿವೆ. 65 ದಾಟಿದವರಲ್ಲಿ, ಅದರಲ್ಲೂ ಬಿಪಿಗೆ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇರುವ ಮಾತ್ರೆ ತೆಗೆದುಕೊಳ್ಳುವ ಅಜ್ಜಿಯರಲ್ಲಿ, ರಕ್ತದ ಸೋಡಿಯಂ ಕುಸಿಯುತ್ತದೆ. ಸಾಮಾನ್ಯ ಮಟ್ಟ 135ರಿಂದ 145. ಇಳಿಯುತ್ತಾ ಹೋದರೆ ತಲೆನೋವು, ಸುಸ್ತು, ತಡವರಿಸುವ ಮಾತು, ಬೀಳುವುದು, 125ಕ್ಕಿಂತ ಕೆಳಗೆ ಹೋದರೆ ಫಿಟ್ಸ್‌ನ ಭಯ. "ಅಜ್ಜಿಗೆ ಮರೆವು ಶುರುವಾಯಿತು" ಎಂದು ಮನೆಯವರು ಸುಮ್ಮನಾಗುತ್ತಾರೆ. ಮೊದಲ ತಿಂಗಳಲ್ಲಿ ಒಂದು ಸೋಡಿಯಂ ಪರೀಕ್ಷೆ ಮಾಡಿಸಿದರೆ ಇದು ಸಿಕ್ಕಿಬೀಳುತ್ತದೆ. ಇದೇ ವಯಸ್ಸಿನವರಿಗೆ ಎಸ್ಸಿಟಲೋಪ್ರಾಂ 10 ಮಿಲಿಗ್ರಾಂ ದಾಟಬಾರದು ಎಂಬುದು ಯುರೋಪಿನ ನಿಯಮ, ಕಾರಣ ಮೇಲೆ ಹೇಳಿದ ಕ್ಯೂಟಿ.

ರಕ್ತಸ್ರಾವ ಎರಡನೆಯದು. ರಕ್ತದ ಪ್ಲೇಟ್‌ಲೆಟ್‌ಗಳಿಗೆ ಹೆಪ್ಪುಗಟ್ಟಲು ಸೆರೊಟೋನಿನ್ ಬೇಕು, ಈ ಮಾತ್ರೆಗಳು ಅದು ಪ್ಲೇಟ್‌ಲೆಟ್ ಒಳಗೆ ಹೋಗದಂತೆ ತಡೆಯುತ್ತವೆ. ಮಂಡಿನೋವಿಗೆ ದಿನವೂ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗುವವರು, ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮೇಲಿರುವವರು ಮಲ ಡಾಂಬರಿನಂತೆ ಕಪ್ಪಾಗಿ ಬಂದರೆ ತಡಮಾಡಬಾರದು. ನೋವಿಗೆ ಪ್ಯಾರಸಿಟಮಾಲ್ ಸುರಕ್ಷಿತ.

ಆದರೆ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಸೇರಿದ ಮಾತ್ರೆ ಸುರಕ್ಷಿತವಲ್ಲ. ಹಲ್ಲು ಕೀಳಿಸಿದಾಗ, ಬೆನ್ನುನೋವಿಗೆ ಇದನ್ನು ಧಾರಾಳವಾಗಿ ಬರೆಯುತ್ತಾರೆ. ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್, ಲಿನೆಜೊಲಿಡ್ ಎಂಬ ಆಂಟಿಬಯೋಟಿಕ್ ಇವು ಸೆರೊಟೋನಿನ್ನನ್ನು ಇನ್ನಷ್ಟು ಏರಿಸುತ್ತವೆ. ಮೈ ಸುಡುವ ಜ್ವರ, ಧಾರಾಕಾರ ಬೆವರು, ಕಾಲಿನ ಸ್ನಾಯುಗಳು ತಾವಾಗಿ ಅದುರುವುದು, ಗೊಂದಲ, ಭೇದಿ ಒಟ್ಟಿಗೆ ಕೆಲವೇ ತಾಸಿನಲ್ಲಿ ಎದ್ದರೆ ಅದು ಸೆರೊಟೋನಿನ್ ವಿಷ, ನೇರ ಎಮರ್ಜೆನ್ಸಿಗೆ ಹೋಗಬೇಕು. ಹಲ್ಲಿನ ಡಾಕ್ಟರಿಗೆ ಮನಸ್ಸಿನ ಮಾತ್ರೆಯ ವಿಷಯ ಯಾಕೆ ಎಂದು ಮುಚ್ಚಿಡುವವರು ಬಹಳ. ಸ್ಟ್ರಿಪ್‌ನ ಫೋಟೋ ಮೊಬೈಲಿನಲ್ಲಿಟ್ಟುಕೊಂಡು ಪ್ರತಿಯೊಬ್ಬ ವೈದ್ಯರಿಗೂ ತೋರಿಸಿ. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್ ಬೇಡ, ಅವು ಟಾಮಾಕ್ಸಿಫೆನ್ನಿನ ಶಕ್ತಿಯನ್ನು ಕುಂದಿಸುತ್ತವೆ. ಗರ್ಭಿಣಿ ಎಂದು ತಿಳಿದ ದಿನ ಹೆದರಿ ಮಾತ್ರೆ ನಿಲ್ಲಿಸಬಾರದು, ಆ ವಾರದಲ್ಲೇ ವೈದ್ಯರನ್ನು ಕಾಣಬೇಕು. ಸರ್ಟ್ರಲಿನ್ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಹೆಚ್ಚಾಗಿ ಆಯ್ದುಕೊಳ್ಳುವ ಔಷಧ.

ಕೊನೆಗೆ ನಿಲ್ಲಿಸುವ ಮಾತು. ಪ್ಯಾನಿಕ್ ಸಂಪೂರ್ಣ ತಹಬಂದಿಗೆ ಬರಲು 8ರಿಂದ 12 ವಾರ, ಬಂದ ಮೇಲೆ ಕನಿಷ್ಠ 6 ತಿಂಗಳು, ಸಾಮಾನ್ಯವಾಗಿ ಒಂದು ವರ್ಷ ಮಾತ್ರೆ ಮುಂದುವರಿಸುತ್ತಾರೆ. ಆಮೇಲೆ "ಈಗ ಚೆನ್ನಾಗಿದ್ದೀನಲ್ಲ" ಎಂದು ಒಂದು ಸೋಮವಾರ ನಿಲ್ಲಿಸುವುದು, ಗುರುವಾರದ ಹೊತ್ತಿಗೆ ತಲೆ ಸುತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ, ಫ್ಲೂ ಬಂದಂತೆ ಮೈಕೈ ನೋವು, ಸಿಡುಕು, ನಿದ್ದೆಯಿಲ್ಲದಿರುವುದು. ತಲೆ ಸುತ್ತಿದ ಕೂಡಲೇ ಹಳೆಯ ಭಯ ಎದ್ದು ಪ್ಯಾನಿಕ್ ಅಟ್ಯಾಕ್ಕೇ ಆಗಿಬಿಡುತ್ತದೆ. "ಮಾತ್ರೆ ಇಲ್ಲದೆ ನನಗೆ ಬದುಕಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಇಲ್ಲಿಯೇ. ಎರಡು ಮೂರು ದಿನದಲ್ಲೇ ಎದ್ದ, ಹಿಂದೆ ಎಂದೂ ಇಲ್ಲದ ಮೈ ಲಕ್ಷಣಗಳಾದರೆ, ಮಾತ್ರೆ ಮತ್ತೆ ತೆಗೆದುಕೊಂಡಾಗ ಒಂದೆರಡು ದಿನದಲ್ಲಿ ಇಳಿದರೆ, ಅದು ನಿಲ್ಲಿಸಿದ್ದರ ಪರಿಣಾಮ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಳೆಯ ರೂಪದಲ್ಲೇ ನಿಧಾನವಾಗಿ ಮರಳಿದರೆ ಅದು ಕಾಯಿಲೆ.

2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಹಲವು ಅಧ್ಯಯನಗಳ ಒಟ್ಟು ಲೆಕ್ಕದ ಪ್ರಕಾರ, ಔಷಧ ನಿಲ್ಲಿಸಿದವರಲ್ಲಿ ಸುಮಾರು ಶೇ. 31 ಮಂದಿಗೆ ಏನಾದರೊಂದು ಲಕ್ಷಣ ಕಂಡಿತು. ಔಷಧವೇ ಇಲ್ಲದ ಹುಸಿ ಮಾತ್ರೆ ನಿಲ್ಲಿಸಿದವರಲ್ಲೂ ಶೇ. 17 ಮಂದಿಗೆ ಕಂಡಿತು. ಹಾಗಾಗಿ ನಿಜವಾಗಿ ಔಷಧದಿಂದಲೇ ಆದದ್ದು ಸುಮಾರು ಆರೇಳು ಮಂದಿಯಲ್ಲಿ ಒಬ್ಬರಿಗೆ, ತೀವ್ರವಾದದ್ದು 35ರಲ್ಲಿ ಒಬ್ಬರಿಗೆ. ವರ್ಷಗಟ್ಟಲೆ ನುಂಗಿದವರಲ್ಲಿ ಇದು ಹೆಚ್ಚಿರಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ರಕ್ತದಿಂದ ಬೇಗ ಇಳಿಯುವುದರಿಂದ ಬಿಡುವುದು ಕಷ್ಟ. ಫ್ಲೂಯಾಕ್ಸೆಟಿನ್ ವಾರಗಟ್ಟಲೆ ಮೈಯಲ್ಲಿ ಉಳಿದು ತಾನೇ ನಿಧಾನವಾಗಿ ಕರಗುತ್ತದೆ.

ಇಳಿಸುವ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ತುದಿಯಲ್ಲಿ. ಡೋಸ್ ಮತ್ತು ಮಿದುಳಿನ ಮೇಲಿನ ಪರಿಣಾಮ ಒಂದೇ ಅಳತೆಯಲ್ಲಿ ಏರುವುದಿಲ್ಲ, ಸಣ್ಣ ಡೋಸಿನಲ್ಲೇ ಬಹುಪಾಲು ಪರಿಣಾಮ ಆಗಿಹೋಗಿರುತ್ತದೆ. ಆದ್ದರಿಂದ ಎಸ್ಸಿಟಲೋಪ್ರಾಂ 20ರಿಂದ 10ಕ್ಕೆ ಇಳಿದಾಗ ಮಿದುಳಿಗೆ ಸಣ್ಣ ಬದಲಾವಣೆ, 5ರಿಂದ ಸೊನ್ನೆಗೆ ಇಳಿದಾಗ ದೊಡ್ಡ ಬದಲಾವಣೆ. ಸಂಶೋಧಕರಾದ ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಇದನ್ನು ವಿವರವಾಗಿ ಮುಂದಿಟ್ಟರು. 20, 15, 10 ಎಂದು ತಿಂಗಳಿಗೊಂದು ಹೆಜ್ಜೆ ಇಳಿದವರು 10ರ ನಂತರ 7.5, 5, 2.5, ಅದಕ್ಕೂ ಕೆಳಗೆ 1.25 ಎಂದು ಹೆಜ್ಜೆ ಚಿಕ್ಕದು ಮಾಡಬೇಕು. 5ರ ಮಾತ್ರೆಯನ್ನು ಅಂಗಡಿಯಲ್ಲಿ ಸಿಗುವ ಮಾತ್ರೆ ಕತ್ತರಿಸುವ ಪೆಟ್ಟಿಗೆಯಿಂದ ಅರ್ಧ, ಕಾಲು ಮಾಡಬಹುದು. ವೆನ್ಲಾಫ್ಯಾಕ್ಸಿನ್, ಡುಲಾಕ್ಸೆಟಿನ್‌ನಂಥ ನಿಧಾನವಾಗಿ ಅಥವಾ ತಡವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲನ್ನು ಮಾತ್ರ ಪುಡಿ ಮಾಡಬಾರದು. ದಿನ ಬಿಟ್ಟು ದಿನ ನುಂಗುವುದು ಇಳಿಸುವ ವಿಧಾನವೇ ಅಲ್ಲ. ಎಸ್ಸಿಟಲೋಪ್ರಾಂ ಎರಡು ದಿನದಲ್ಲಿ ರಕ್ತದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದು ಮತ್ತೆ ಏರುತ್ತದೆ, ಮಿದುಳಿಗೆ ದಿನವೂ ಏರಿಳಿತ.

ಪರೀಕ್ಷೆ, ಮನೆ ಬದಲಾವಣೆ, ಬಾಣಂತನದ ತಿಂಗಳುಗಳಲ್ಲಿ ಇಳಿಸಲು ಹೊರಡಬೇಡಿ. ಹೊರಡುವ ಮುನ್ನ ಸಿಬಿಟಿ (ಯೋಚನೆ, ವರ್ತನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ತಿಳಿದ ಮನಶ್ಶಾಸ್ತ್ರಜ್ಞರ ಬಳಿ ಕೆಲವು ವಾರ ಮೈಯ ಲಕ್ಷಣಗಳನ್ನು ಬೇಕೆಂದೇ ಎಬ್ಬಿಸಿಕೊಳ್ಳುವ ಅಭ್ಯಾಸ ಮಾಡಿ. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು, ನಿಂತಲ್ಲೇ ಒಂದು ನಿಮಿಷ ಓಡುವುದು, ಸಣ್ಣ ಸ್ಟ್ರಾದಲ್ಲಿ ಉಸಿರಾಡುವುದು. ಹೃದಯ, ಆಸ್ತಮಾ, ಫಿಟ್ಸ್, ಗರ್ಭ ಇದ್ದರೆ ವೈದ್ಯರನ್ನು ಕೇಳಿ ಮಾಡಿ. ತಲೆ ಸುತ್ತುವುದು ಬರೀ ತಲೆ ಸುತ್ತುವುದೇ ಎಂದು ಮೈಗೆ ಹತ್ತಾರು ಸಲ ಗೊತ್ತಾಗಿದ್ದರೆ, 2.5ರಿಂದ 1.25ಕ್ಕೆ ಇಳಿದ ವಾರದ ಸುತ್ತು ಪ್ಯಾನಿಕ್ಕಿಗೆ ತಿರುಗುವುದು ಕಡಿಮೆ.

ಸೊನ್ನೆ ಮುಟ್ಟಿದ ಮೇಲೆ ಎರಡು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಇನ್ನೊಮ್ಮೆ ವೈದ್ಯರ ಭೇಟಿ ಇಟ್ಟುಕೊಳ್ಳಿ. ಕಾಯಿಲೆ ಮರಳಿದರೆ ಹಿಂದೆ ಒಗ್ಗಿದ ಔಷಧವನ್ನೇ ಮತ್ತೆ ಶುರು ಮಾಡುವುದು ವಾಡಿಕೆ, ಆದರೆ ಎಸ್ಸಿಟಲೋಪ್ರಾಂ ಆದರೆ ಹಿಂದೆ ನುಂಗುತ್ತಿದ್ದ 20ರಿಂದ ಅಲ್ಲ, ಮತ್ತೆ 5ರಿಂದಲೇ.